ಪುಟ್ಟ ಫ್ರಾಕಿನ ದೊಡ್ಡ ಲೆಕ್ಕ



ಸಾಫ್ಟ್‌ವೇರಿನವರಿಗೆ ಸೂಜಿ-ದಾರದ ಬಗ್ಗೆ ಏನು ಗೊತ್ತು ಎಂದು ನೀವು ಕೇಳಬಹುದು. ನಿಜ, ಗೊತ್ತಿರಲಿಲ್ಲ. ಕಲಿಸಿದ್ದು ನಮ್ಮ ಮಗಳ ಒಂದು ಸ್ಮಾಕಿಂಗ್ ಫ್ರಾಕು. ಸ್ಮೋಕಿಂಗ್ ಅಲ್ಲ, ಸ್ಮಾಕಿಂಗ್!

ದೋಹಾದ ಬೇಸಿಗೆ ನಿಮಗೇ ಗೊತ್ತು. 40 ಡಿಗ್ರಿ ದಾಟಿದ ಮೇಲೆ ನೈಲಾನ್ ಫ್ರಾಕು ಹಾಕಿದರೆ ಮಗುವಿನ ಮೈಯೆಲ್ಲ ಬೆವರುಸಾಲೆ. ಹಾಗಾಗಿ ಕೆಲವು ವರ್ಷಗಳ ಹಿಂದೆ ರಜೆಗೆ ಧಾರವಾಡಕ್ಕೆ ಹೋದಾಗ ತೆಳು ಹತ್ತಿ ಬಟ್ಟೆ ಕೊಂಡು, ಮನೆಯಲ್ಲೇ ಹೊಲಿಯುವ ಅಕ್ಕನವರೊಬ್ಬರಿಗೆ ಕೊಟ್ಟೆವು. ಮಜೂರಿ 450 ರೂಪಾಯಿ ಎಂದರು. "ಇಷ್ಟು ಪುಟ್ಟ ಬಟ್ಟೆಗೆ ಇಷ್ಟೊಂದೇ?" ಎಂದು ಚೌಕಾಶಿ ಮಾಡಿ 350ಕ್ಕೆ ಇಳಿಸಿದೆವು.

ತರಲು ಹೋದ ದಿನ ಕೆಲಸ ಇನ್ನೂ ನಡೆದಿತ್ತು. ಕೂತು ನೋಡಿದೆವು. ಎದೆಯ ಅಗಲಕ್ಕಿಂತ ಸುಮಾರು ಮೂರು ಪಟ್ಟು ಬಟ್ಟೆ. ಹಿಂಬದಿಗೆ ಸಾಲಾಗಿ ಚುಕ್ಕಿ. ಚುಕ್ಕಿ ಹಿಡಿದು ದಾರ ಓಡಿಸಿ ಎಳೆದರೆ ಸಣ್ಣ ಸಣ್ಣ ನೆರಿಗೆ. ಆ ನೆರಿಗೆಗಳನ್ನು ಬಣ್ಣದ ದಾರದಿಂದ ಒಂದಕ್ಕೊಂದು ಕೂಡಿಸಿದರೆ ಜೇನುಗೂಡಿನಂಥ ಚಿತ್ತಾರ. ಕೊನೆಗೆ ಮೊದಲಿನ ದಾರ ತೆಗೆದರೆ ಎಲಾಸ್ಟಿಕ್ ಇಲ್ಲದೆಯೇ ಬಟ್ಟೆ ಹಿಗ್ಗುತ್ತದೆ, ಕುಗ್ಗುತ್ತದೆ. ಮಗು ಬೆಳೆದರೂ ಬೇಗ ಬಿಗಿಯಾಗದು.

"ಎಷ್ಟು ದಿನ ಹಿಡಿಯಿತು, ಅಕ್ಕಾ?"

"ಅಡಗಿ ಕೆಲಸ ಮುಗಿಸಿ ರಾತ್ರಿ ಎರಡ ತಾಸಿನಂಗ ಹನ್ನೆರಡ ದಿನ ಆತ್ರಿ."

ಲೆಕ್ಕ ಹಾಕಿದೆವು: 24 ತಾಸು, ತಾಸಿಗೆ 15 ರೂಪಾಯಿಯೂ ಇಲ್ಲ. ಒಂದು ರಿಯಾಲಿಗೂ ಕಡಿಮೆ! ನಾಚಿ 450 ಕೊಟ್ಟರೆ, ಅವರು ನೂರು ರೂಪಾಯಿ ವಾಪಸು ಕೊಟ್ಟು, "ಮಾತಾಡಿದಷ್ಟ ಕೊಡ್ರಿ. ಮುಂದಿನ ಸಲ ಚೌಕಾಶಿ ಮಾಡಬ್ಯಾಡ್ರಿ, ಸಾಕು" ಎಂದರು.

ಸ್ಮಾಕಿಂಗ್ ಇಂಗ್ಲೆಂಡಿನ ರೈತರ ಅಂಗಿಯಿಂದ ಬಂದ ಹೊಲಿಗೆ. ಆದರೆ ಎಣಿಸಿ ಹೊಲಿಯುವುದು ಧಾರವಾಡದ ಕೈಗಳಿಗೆ ಹೊಸದಲ್ಲ. ಇಳಕಲ್ ಸೀರೆಯ ಮೇಲೆ, ಮಗುವಿನ ಕುಂಚಿಗೆ-ಕುಲಾವಿಯ ಮೇಲೆ ಎಳೆ ಎಣಿಸಿ ಗವಂತಿ, ಮುರಗಿ, ನೇಯ್ಗೆ, ಮೆಂತೆ ಕಸೂತಿ ಹಾಕಿದ ನಾಡದು. ಕಸೂತಿಗೆ 2006ರಲ್ಲಿ ಭೌಗೋಳಿಕ ಸೂಚಿ ಮಾನ್ಯತೆಯೂ ಸಿಕ್ಕಿತು. ಆದರೆ ಮಾನ್ಯತೆ ತಾನಾಗಿ ಕೂಲಿ ಏರಿಸದು. ಏರಿಸಬೇಕಾದವರು ಕೊಳ್ಳುವ ನಾವು.

ಆ ಫ್ರಾಕನ್ನು ಮಗಳು ಎರಡು ಬೇಸಿಗೆ ತೊಟ್ಟಳು. ಈಗ ಪಕ್ಕದ ಮನೆಯ ಮಗು ತೊಡುತ್ತಿದೆ. ಬಂಧುಗಳೇ, ದಾನ ಕೊಡುವ ಕೈ ದೊಡ್ಡದು, ಒಪ್ಪಿದೆವು. ಆದರೆ ದುಡಿದವರಿಗೆ ಕೇಳಿದಷ್ಟು ಕೊಡುವುದು ದಾನವಲ್ಲ, ಅವರ ಹಕ್ಕು. ಈ ರಜೆಗೆ ಊರಿಗೆ ಹೋದಾಗ ಒಂದು ಕೈಹೊಲಿಗೆಯ ಬಟ್ಟೆ ಹೊಲಿಸಿ. ಬೆಲೆ ಕೇಳುವ ಮೊದಲು ಎಷ್ಟು ತಾಸು ಹಿಡಿಯುತ್ತದೆ ಎಂದು ಕೇಳಿ.