ಬಾಣದ ಕೋಲು ಆರಿಸುವ ವಿವೇಕ



ಛಟ್ಟಿ ಅಮಾವಾಸ್ಯೆಯ ಜಾತ್ರೆಗೆ ಗುಡ್ಡಾಪುರಕ್ಕೆ ಪಾದಯಾತ್ರೆಯಲ್ಲಿ ಬರುವ ಹಿರಿಯರು ಕೈಗೆ ಸಿಕ್ಕ ಕೋಲನ್ನು ಊರಿಕೊಂಡು ಹೊರಡುವುದಿಲ್ಲ. ಜತ್ತ ಸೀಮೆಯ ರೈತನೂ ಅಷ್ಟೇ. ಬಾರಕೋಲಿಗೆ ಕಟ್ಟಿಗೆ ಬೇಕೆಂದರೆ ಕಣ್ಣಿನ ನೇರಕ್ಕೆ ಹಿಡಿದು ಡೊಂಕು ನೋಡುತ್ತಾನೆ, ಬಗ್ಗಿಸಿ ಕಸುವು ನೋಡುತ್ತಾನೆ. ಬಾಣದ ಕೋಲನ್ನು ಆರಿಸುವ ವಿದ್ಯೆಯೂ ಇದೇ ಬಗೆಯದು. ಬಿಲ್ಲನ್ನು ಹೊಗಳುವವರು ಬಹಳ ಮಂದಿ. ಆದರೆ ಗುರಿ ಮುಟ್ಟುವುದು ಬಿಲ್ಲಲ್ಲ, ಬಾಣ.

ನಮ್ಮ ಪೂರ್ವಜರು ಇದನ್ನು ಶಾಸ್ತ್ರವಾಗಿಯೇ ಬರೆದಿಟ್ಟರು. ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಬಿದಿರು, ಜೊಂಡು, ಮರಗಳ ಬಾಣಗಳನ್ನು ಬೇರೆ ಬೇರೆಯಾಗಿ ಹೆಸರಿಸಿದೆ. ಧನುರ್ವೇದದ ಗ್ರಂಥಗಳು ಕೋಲಿನ ಲಕ್ಷಣ ಹೇಳುತ್ತವೆ: ಅತಿ ದಪ್ಪವೂ ಅತಿ ಸಣ್ಣವೂ ಆಗಬಾರದು, ಎಳೆಯದಾಗಲಿ, ಕೆಟ್ಟ ನೆಲದಲ್ಲಿ ಬೆಳೆದದ್ದಾಗಲಿ, ಸೀಳು ಬಿಟ್ಟದ್ದಾಗಲಿ ಬೇಡ, ಬಲಿತು, ಬಣ್ಣ ತಿರುಗಿ, ಸಕಾಲದಲ್ಲಿ ಕಡಿದದ್ದಿರಬೇಕು. ದಪ್ಪ ಕಿರುಬೆರಳಿನಷ್ಟು.

ಈ ಮಾತುಗಳ ಹಿಂದೆ ಅನುಭವವಿದೆ. ಎಳೆ ಬಿದಿರಿನಲ್ಲಿ ನೀರು ಹೆಚ್ಚು. ಒಣಗಿದಾಗ ಸೊಟ್ಟಾಗುತ್ತದೆ, ಬೇಗ ಹುಳು ಹಿಡಿಯುತ್ತದೆ. ಮೂರು ವರ್ಷ ಬಲಿತದ್ದನ್ನು ಮಳೆಗಾಲ ಕಳೆದ ಮೇಲೆ ಕಡಿದು, ನೆರಳಲ್ಲಿ ನಿಧಾನವಾಗಿ ಒಣಗಿಸಿ, ಕೆಂಡದ ಕಾವಿನಲ್ಲಿ ಡೊಂಕು ತಿದ್ದಬೇಕು. ಹೆದೆ ಕೂಡುವ ಕಚ್ಚನ್ನು ಗೆಣ್ಣಿನ ಬಳಿ ಕೊರೆದರೆ ಕೋಲು ಸೀಳುವುದಿಲ್ಲ. ಮರದ ಕೋಲಾದರೆ ಅದರ ಎಳೆ ಬುಡದಿಂದ ತುದಿಯವರೆಗೆ ನೇರವಾಗಿ ಓಡಿರಬೇಕು. ನಡುವೆ ಓರೆಯಾಗಿ ಹೊರಬಿದ್ದರೆ ಅಲ್ಲಿಯೇ ಮುರಿಯುತ್ತದೆ.

ಇನ್ನೊಂದು ಸೋಜಿಗವಿದೆ. ಬಿಟ್ಟ ಬಾಣವು ಬಿಲ್ಲಿನ ಪಕ್ಕದಲ್ಲಿ ಹಾವಿನಂತೆ ಬಳುಕಿ, ಆಮೇಲೆ ನೇರವಾಗುತ್ತದೆ. ಆದ್ದರಿಂದ ಬಿಲ್ಲಿನ ಬಲಕ್ಕೆ ತಕ್ಕ ಬಳುಕು ಕೋಲಿಗೆ ಇರಬೇಕು. ತೀರ ಪೆಡಸಾದರೂ ಗುರಿ ತಪ್ಪುತ್ತದೆ, ತೀರ ಮೆತ್ತಗಾದರೂ ತಪ್ಪುತ್ತದೆ.

ಗುರಿ ತಪ್ಪಿದರೆ ಇನ್ನೊಂದು ಬಾಣ ಹೂಡಬಹುದು. ಆದರೆ ಒಡಕು ಕೋಲು ಬಿಲ್ಲಿನಲ್ಲೇ ಸಿಡಿದರೆ ಸಿಬಿರು ಹೊಗುವುದು ಹೊಡೆದವನ ಕೈಗೆ. ಬುಟ್ಟಿ ಮೊರ ಹೆಣೆಯುವ ಕಾಯಕದ ಶರಣ ಮೇದಾರ ಕೇತಯ್ಯನವರಿಗೆ ಬಿದಿರು ಕಡಿಯುವಾಗ ಎದೆಗೆ ಬಿದಿರು ನಾಟಿತೆಂದು ಶರಣರ ಕಥೆಗಳು ಹೇಳುತ್ತವೆ. ಬಿದಿರನ್ನು ಬಲ್ಲವರಿಗೇ ಹಾಗಾದರೆ ನಮ್ಮ ಪಾಡೇನು?

ಇಂದು ದೊಡ್ಡ ಸ್ಪರ್ಧೆಗಳಲ್ಲಿ ಅಲ್ಯೂಮಿನಿಯಂ, ಕಾರ್ಬನ್ ಬಾಣಗಳು ಬಂದಿವೆ. ಆದರೂ ನಮ್ಮ ದೇಶದ ಇಂಡಿಯನ್ ರೌಂಡ್ ಸ್ಪರ್ಧೆಯಲ್ಲಿ ಮಕ್ಕಳು ಬಿದಿರಿನ ಬಿಲ್ಲು ಹಿಡಿಯುತ್ತಾರೆ. ಕನ್ನಡ ನಾಡಿನ ಎಷ್ಟೋ ಊರುಗಳಲ್ಲಿ ವಿಜಯದಶಮಿಯಂದು ಬಾಳೆಯ ಕಂಬಕ್ಕೆ ಅಂಬು ಹೊಡೆಯುವ ಪದ್ಧತಿ ಉಳಿದಿದೆ. ಮಕ್ಕಳ ಕೈಗೆ ಬಾಣ ಕೊಡುವ ಹಿರಿಯರು ಪ್ರತಿ ಸಲವೂ ಕೋಲನ್ನು ಹೊರಳಿಸಿ ನೋಡಬೇಕು, ಬಗ್ಗಿಸಿ ಕಿವಿಗೊಡಬೇಕು. ಚಟ್ ಎಂದು ಸದ್ದಾದರೆ ಅದನ್ನು ಅಲ್ಲಿಯೇ ಮುರಿದು ಒಲೆಗೆ ಹಾಕಬೇಕು. ಒಂದು ಕೋಲಿನ ಮೇಲಿನ ಆಸೆಗೆ ಮಗುವಿನ ಕೈ ಬೆಲೆಯಾಗಬಾರದು.

ಆರಿಸುವಾಗಿನ ತಾಳ್ಮೆಯೇ ಹೊಡೆಯುವಾಗಿನ ಧೈರ್ಯ. ಇದು ಬಾಣಕ್ಕೂ ಸರಿ, ಬಾಳಿಗೂ ಸರಿ.