ದಾನದ ಹಣ ಊರಿನ ಬಂಡವಾಳವಾಗಬೇಕು



‘ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ’ ಎಂಬುದು ಹಳ್ಳಿಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಗಾದೆ. ಪುಕ್ಕಟೆಯಾಗಿ ಬಂದುದನ್ನು ಅಳೆದು ನೋಡುವುದು ಸಣ್ಣತನ ಎಂಬುದು ಇದರ ಭಾವ. ಒಬ್ಬರ ಮನೆಗೆ ಬಂದ ಬಟ್ಟೆಯ ಮಟ್ಟಿಗೆ ಈ ಮಾತು ಸರಿ. ಆದರೆ ಇಡೀ ಊರಿಗೆಂದು ಬರುವ ಕೊಡುಗೆಯನ್ನು ಅಳೆಯದೆ ಪಡೆಯುವುದು ಸರಿಯಲ್ಲ. ಅದನ್ನು ಹಿತ್ತಲಿನಲ್ಲಿ ಅಲ್ಲ, ಊರಿನವರೆಲ್ಲರ ಎದುರಿಗೆ ಮೊಳ ಹಾಕಿಯೇ ಪಡೆಯಬೇಕು.

ಇಂದು ಹಳ್ಳಿಗಳಿಗೆ ಹಲವು ಕಡೆಗಳಿಂದ ನೆರವು ಬರುತ್ತಿದೆ. ಧರ್ಮದರ್ಶಿ ಸಂಸ್ಥೆಗಳು, ಸ್ವಯಂಸೇವಾ ಸಂಸ್ಥೆಗಳು, ಊರು ಬಿಟ್ಟು ಹೋಗಿ ಅನುಕೂಲವಂತರಾದವರು, ಹೀಗೆ ಕೊಡುವವರು ಅನೇಕರು. 2013ರ ಕಂಪನಿಗಳ ಕಾಯಿದೆಯ 135ನೆಯ ಕಲಮಿನ ಪ್ರಕಾರ, ನಿಗದಿಯಾದ ಮಟ್ಟಕ್ಕಿಂತ ದೊಡ್ಡವಾದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇಕಡಾ 2ರಷ್ಟನ್ನು ಸಮಾಜದ ಕೆಲಸಗಳಿಗೆ ವೆಚ್ಚಮಾಡಬೇಕು. ಗ್ರಾಮಾಭಿವೃದ್ಧಿಯೂ ಆ ಕೆಲಸಗಳಲ್ಲಿ ಸೇರಿದೆ. ಆದುದರಿಂದ ಹಣ ಬರುವ ದಾರಿ ಹಿಂದಿಗಿಂತ ಅಗಲವಾಗಿದೆ.

ಆದರೆ ಕೊಟ್ಟ ಯಂತ್ರ ಎರಡು ವರ್ಷ ಓಡಿ ಬೀಗ ಹಾಕಿದ ಕೊಠಡಿಯಲ್ಲಿ ತುಕ್ಕು ಹಿಡಿಯುವುದೂ ಉಂಟು. ಅದೇ ಬಗೆಯ ಕೊಡುಗೆಯಿಂದ ಲಕ್ಷಾಂತರ ಕುಟುಂಬಗಳ ಬಾಳು ಹಸನಾದುದೂ ಉಂಟು. ಈ ವ್ಯತ್ಯಾಸಕ್ಕೆ ಕೊಟ್ಟ ಹಣದ ಮೊತ್ತವೊಂದೇ ಕಾರಣವಲ್ಲ. ಹಣ ಯಾರ ಕೈಗೆ ಬಂತು, ಯಾವ ಕರಾರಿನ ಮೇಲೆ ಬಂತು, ಬಂದ ಮೇಲೆ ಏನಾಯಿತು ಎಂಬುದೇ ಮುಖ್ಯ. ಇದನ್ನು ಎರಡು ನಿದರ್ಶನಗಳಿಂದ ತಿಳಿಯಬಹುದು.

ಹಾಲಿನ ಪುಡಿಯ ಪಾಠ

ಮೊದಲನೆಯ ನಿದರ್ಶನ ಗುಜರಾತಿನ ಆನಂದ್‌ನದು. 1940ರ ದಶಕದಲ್ಲಿ ಅಲ್ಲಿನ ಖೇಡಾ ಜಿಲ್ಲೆಯ ಹಾಲು ಮುಂಬಯಿ ನಗರಕ್ಕೆ ಹೋಗುತ್ತಿತ್ತು. ಕೊಳ್ಳುವ ಹಕ್ಕು ಒಂದು ಖಾಸಗಿ ಡೇರಿಯ ಕೈಯಲ್ಲಿತ್ತು. ನಗರದಲ್ಲಿ ಹಾಲಿಗೆ ಒಳ್ಳೆಯ ಬೆಲೆಯಿದ್ದರೂ ಎಮ್ಮೆ ಸಾಕಿದವನಿಗೆ ಅದರ ಸ್ವಲ್ಪ ಭಾಗ ಮಾತ್ರ ಸಿಕ್ಕುತ್ತಿತ್ತು. ಸರ್ದಾರ್ ವಲ್ಲಭಭಾಯಿ ಪಟೇಲರ ಸಲಹೆಯಂತೆ 1946ರ ಜನವರಿಯಲ್ಲಿ ಸಮರ್ಖಾ ಗ್ರಾಮದಲ್ಲಿ ರೈತರು ಸಭೆ ಸೇರಿ, ತಮ್ಮದೇ ಸಹಕಾರ ಸಂಘಗಳನ್ನು ಕಟ್ಟಲು ನಿರ್ಧರಿಸಿದರು. ಬೇಡಿಕೆಗೆ ಮನ್ನಣೆ ಸಿಕ್ಕುವವರೆಗೆ ಹದಿನೈದು ದಿನ ಮುಂಬಯಿಗೆ ಹಾಲು ಕೊಡಲಿಲ್ಲ. ಅದೇ ವರ್ಷ ಡಿಸೆಂಬರ್ 14ರಂದು ಜಿಲ್ಲಾ ಹಾಲು ಉತ್ಪಾದಕರ ಸಹಕಾರ ಒಕ್ಕೂಟ ನೋಂದಣಿಯಾಯಿತು. ತ್ರಿಭುವನದಾಸ್ ಪಟೇಲರು ಅದರ ಮುಂದಾಳು. ಆರಂಭದಲ್ಲಿ ಇದ್ದುದು ಎರಡೇ ಸಂಘಗಳು. ಸಂಗ್ರಹವಾದ ಹಾಲು ದಿನಕ್ಕೆ ಸುಮಾರು 250 ಲೀಟರ್. 1949ರಲ್ಲಿ ವರ್ಗೀಸ್ ಕುರಿಯನ್ ಆನಂದ್‌ಗೆ ಬಂದರು.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಮೊದಲು ಹುಟ್ಟಿದುದು ಸಂಘ. ಹೊರಗಿನ ಕೊಡುಗೆ ಬಂದದ್ದು ಆ ಮೇಲೆ. ಚಳಿಗಾಲದಲ್ಲಿ ಹಾಲು ಹೆಚ್ಚಾಗಿ ಮಿಕ್ಕಾಗ ಅದನ್ನು ಪುಡಿ ಮಾಡಬೇಕಾಯಿತು. ಎಮ್ಮೆಯ ಹಾಲನ್ನು ಪುಡಿ ಮಾಡಲಾಗದು ಎಂದು ಹೊರದೇಶದ ತಜ್ಞರು ಹೇಳುತ್ತಿದ್ದ ಕಾಲವದು. ಎಚ್. ಎಂ. ದಲಾಯ ಅವರು ಅದನ್ನು ಮಾಡಿ ತೋರಿಸಿದರು. ವಿಶ್ವಸಂಸ್ಥೆಯ ಮಕ್ಕಳ ನಿಧಿಯಾದ ಯುನಿಸೆಫ್ ಯಂತ್ರೋಪಕರಣಗಳನ್ನು ಕೊಡುಗೆಯಾಗಿ ನೀಡಿತು. ಅದಕ್ಕೆ ಪ್ರತಿಯಾಗಿ ಒಕ್ಕೂಟವು ಜಿಲ್ಲೆಯ ಬಡಮಕ್ಕಳಿಗೆ ಉಚಿತವಾಗಿ ಹಾಲು ಹಂಚಬೇಕೆಂಬುದು ಕರಾರು. 1955ರ ಅಕ್ಟೋಬರ್ 31ರಂದು ಪ್ರಧಾನಿ ಜವಾಹರಲಾಲ್ ನೆಹರೂ ಆ ಕಾರ್ಖಾನೆಯನ್ನು ಉದ್ಘಾಟಿಸಿದರು. ಹೀಗೆ ಪಡೆದವರೂ ಕೊಡುವವರಾದರು. ಕೊಡುಗೆಯನ್ನು ಬೇಡಿ ಪಡೆದಂತಾಗದೆ ವ್ಯವಹಾರ ಮಾಡಿ ಪಡೆದಂತಾಯಿತು.

ಇದಕ್ಕಿಂತ ದೊಡ್ಡ ಪರೀಕ್ಷೆ ಮುಂದೆ ಬಂತು. 1960ರ ದಶಕದ ಕೊನೆಯಲ್ಲಿ ಯೂರೋಪಿನ ದೇಶಗಳಲ್ಲಿ ಹಾಲಿನ ಪುಡಿ, ಬೆಣ್ಣೆ ಬೆಟ್ಟದಂತೆ ಮಿಕ್ಕಿದ್ದವು. ಅದನ್ನು ಭಾರತದಲ್ಲಿ ಪುಕ್ಕಟೆಯಾಗಿಯೋ ಅಗ್ಗವಾಗಿಯೋ ಹಂಚಿದ್ದರೆ ಏನಾಗುತ್ತಿತ್ತು? ಪಟ್ಟಣದವರು ಅಗ್ಗದ ಹಾಲು ಕುಡಿಯುತ್ತಿದ್ದರು. ಹಳ್ಳಿಯ ಹಾಲಿನ ಬೆಲೆ ಕುಸಿಯುತ್ತಿತ್ತು. ರೈತ ರಾಸುಗಳನ್ನು ಮಾರಿಬಿಡುತ್ತಿದ್ದ. ಕೊಡುಗೆ ನಿಂತ ದಿನ ದೇಶದಲ್ಲಿ ಹಾಲೂ ಇರುತ್ತಿರಲಿಲ್ಲ, ಹಸುವೂ ಇರುತ್ತಿರಲಿಲ್ಲ. ಪರರ ಹಿತಕ್ಕೆಂದು ಕೊಟ್ಟ ವಸ್ತುವೇ ಸ್ಥಳೀಯ ಕಸುಬನ್ನು ಕೊಲ್ಲುವ ಬಗೆ ಇದು.

ಇದನ್ನು ಅರಿತ ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಲಿ ಬೇರೆ ದಾರಿ ಹಿಡಿಯಿತು. 1970ರಲ್ಲಿ ಆರಂಭವಾದ ‘ಆಪರೇಷನ್ ಫ್ಲಡ್’ ಯೋಜನೆಗೆ ವಿಶ್ವ ಆಹಾರ ಕಾರ್ಯಕ್ರಮದ ಮೂಲಕ 1,26,000 ಟನ್ ಕೆನೆ ತೆಗೆದ ಹಾಲಿನ ಪುಡಿ ಮತ್ತು 42,000 ಟನ್ ಬಟರ್ ಆಯಿಲ್ ಗೊತ್ತಾಯಿತು. ಇವನ್ನು ಪುಕ್ಕಟೆ ಹಂಚಲಿಲ್ಲ. ಹಾಲು ಮಾಡಿ, ದೇಶದ ಹಾಲಿನ ಬೆಲೆ ಬೀಳದಂತೆ ನೋಡಿಕೊಂಡು, ದೊಡ್ಡ ನಗರಗಳಲ್ಲಿ ಮಾರಿದರು. ಬಂದ ಹಣವನ್ನು ಸಂಘಗಳ ರಚನೆ, ಶೀತಲೀಕರಣ ಕೇಂದ್ರಗಳು, ಡೇರಿಗಳು, ಟ್ಯಾಂಕರುಗಳು, ಪಶು ಆಹಾರ ಕಾರ್ಖಾನೆಗಳು, ಕೃತಕ ಗರ್ಭಧಾರಣೆ ಮತ್ತು ಪಶುವೈದ್ಯ ಸೇವೆಗಳಿಗೆ ತೊಡಗಿಸಿದರು. ಕೊಡುಗೆಯ ಪುಡಿ ಕರಗಿತು, ಬಂಡವಾಳ ಉಳಿಯಿತು. ಮೊದಲ ಹಂತದಲ್ಲಿ 18 ಹಾಲಿನ ಪ್ರದೇಶಗಳನ್ನು ದೆಹಲಿ, ಮುಂಬಯಿ, ಕಲ್ಕತ್ತ, ಮದರಾಸು ನಗರಗಳಿಗೆ ಜೋಡಿಸಲಾಯಿತು. 1985ರ ಹೊತ್ತಿಗೆ ಗ್ರಾಮ ಸಂಘಗಳ ಸಂಖ್ಯೆ ಸುಮಾರು 43,000ಕ್ಕೆ ಏರಿತು. 1996ರಲ್ಲಿ ಮೂರನೆಯ ಹಂತ ಮುಗಿದಾಗ ಅದು 70,000ವನ್ನು ದಾಟಿತ್ತು. 1998ರಲ್ಲಿ ಭಾರತ ಹಾಲಿನ ಉತ್ಪಾದನೆಯಲ್ಲಿ ಜಗತ್ತಿನಲ್ಲೇ ಮೊದಲ ಸ್ಥಾನಕ್ಕೆ ಬಂತು.

ಕರ್ನಾಟಕದಲ್ಲಿ 1974ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಆನಂದ್ ಮಾದರಿಯ ಗ್ರಾಮ ಸಂಘಗಳ ರಚನೆ ಆರಂಭವಾಯಿತು. ಇದು ದಾನವಲ್ಲ, ಸಾಲ ಎಂಬುದನ್ನು ನೆನಪಿಡಬೇಕು. ಆಗಿನ ಹೈನು ಅಭಿವೃದ್ಧಿ ನಿಗಮವು 1984ರಲ್ಲಿ ಕರ್ನಾಟಕ ಸಹಕಾರಿ ಹಾಲು ಉತ್ಪಾದಕರ ಮಹಾಮಂಡಳವಾಯಿತು. ಅದರ ‘ನಂದಿನಿ’ ಹೆಸರು ಇಂದು ಮನೆಮಾತಾಗಿದೆ.

ಈ ವ್ಯವಸ್ಥೆಯ ನ್ಯಾಯ ಇರುವುದು ಅಳತೆಯಲ್ಲಿ. ಒಂದು ಹಸು ಇದ್ದವಳೂ ಹತ್ತು ಹಸು ಇದ್ದವನೂ ಒಂದೇ ಸಾಲಿನಲ್ಲಿ ನಿಂತು ಹಾಲು ಹಾಕುತ್ತಾರೆ. ಹಾಲಿನ ಜಿಡ್ಡು ಮತ್ತು ಜಿಡ್ಡೇತರ ಘನಾಂಶ ನೋಡಿ ಬೆಲೆ ಕಟ್ಟಲಾಗುತ್ತದೆ. ಮುಖ ನೋಡಿ ಅಲ್ಲ. ಸಭೆಯಲ್ಲಿ ಪ್ರತಿ ಸದಸ್ಯನಿಗೂ ಒಂದೇ ಮತ. ಇದರಲ್ಲಿಯೂ ಕೊರತೆಗಳಿಲ್ಲದಿಲ್ಲ. ಮೇವು, ನೀರು ಇಲ್ಲದ ಒಣಪ್ರದೇಶಗಳಿಗೂ ಭೂಹೀನರಿಗೂ ಇದರ ಫಲ ಸಾಕಷ್ಟು ಮುಟ್ಟಲಿಲ್ಲ ಎಂಬ ಟೀಕೆ 1980ರ ದಶಕದಲ್ಲಿಯೇ ಕೇಳಿಬಂದಿತ್ತು. ಅದು ತಳ್ಳಿಹಾಕುವಂಥ ಟೀಕೆಯಲ್ಲ.

ಒಡೆದ ಸಂಘಗಳಿಂದ ಹುಟ್ಟಿದ ಗುಂಪುಗಳು

ಎರಡನೆಯ ನಿದರ್ಶನ ಕರ್ನಾಟಕದ್ದೇ. ಟಿಬೆಟಿನ ನಿರಾಶ್ರಿತರಿಗೆ ಪುನರ್ವಸತಿ ಕಲ್ಪಿಸುವ ಕೆಲಸದಲ್ಲಿ ಸರ್ಕಾರಕ್ಕೆ ನೆರವಾಗಲು 1968ರಲ್ಲಿ ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆ ಹುಟ್ಟಿತು. ಮುಂದೆ ಅದು ಬಡ ರೈತರ ಮತ್ತು ಕೂಲಿಕಾರರ ನಡುವೆ ಕೆಲಸಮಾಡಿ, ದೊಡ್ಡ ಸಹಕಾರ ಸಂಘಗಳ ಮೂಲಕ ಸಾಲ ಕೊಡಿಸುತ್ತಿತ್ತು. 1984–85ರ ಸುಮಾರಿಗೆ ಅವುಗಳಲ್ಲಿ ಕೆಲವು ಒಡೆದವು. ನೂರಾರು ಸದಸ್ಯರ ಸಂಘದಲ್ಲಿ ನಂಬಿಕೆ ಉಳಿದಿರಲಿಲ್ಲ. ಬಲವಿದ್ದವರದೇ ಮಾತು ನಡೆಯುತ್ತಿತ್ತು.

ಆಗ ಒಂದು ವಿಶೇಷ ನಡೆಯಿತು. ಕೆಲವು ಸದಸ್ಯರು ಚಿಕ್ಕ ಚಿಕ್ಕ ಗುಂಪುಗಳಾಗಿ ಬಂದು, ತಾವು ಪಡೆದ ಸಾಲವನ್ನು ಸಂಘಕ್ಕೆ ಕಟ್ಟದೆ ಸಂಸ್ಥೆಗೇ ಹಿಂದಿರುಗಿಸುತ್ತೇವೆ ಎಂದರು. ಸಂಘದ ಮೇಲೆ ನಂಬಿಕೆ ಇಲ್ಲದಿದ್ದರೂ ಅವರಿಗೆ ಪರಸ್ಪರ ನಂಬಿಕೆ ಇತ್ತು. ಆ ಹಣವನ್ನು ಅವರೇ ಇಟ್ಟುಕೊಂಡು ತಮ್ಮತಮ್ಮಲ್ಲಿ ಸಾಲವಾಗಿ ತಿರುಗಿಸಲಿ ಎಂದು ಸಂಸ್ಥೆ ಸಲಹೆ ಮಾಡಿತು. ಹೀಗೆ ಹದಿನೈದು ಇಪ್ಪತ್ತು ಮಂದಿಯ ಗುಂಪುಗಳು ಹುಟ್ಟಿದವು. ವಾರವಾರ ಸಭೆ, ಉಳಿತಾಯ, ಸಾಲ ಯಾರಿಗೆ ಮೊದಲು ಎಂಬ ತೀರ್ಮಾನ, ತಪ್ಪಿದವರಿಗೆ ದಂಡ, ಎಲ್ಲವೂ ಗುಂಪಿನವರದೇ.

1987ರಲ್ಲಿ ನಬಾರ್ಡ್ ಬ್ಯಾಂಕು ಈ ಕೆಲಸಕ್ಕೆ 10 ಲಕ್ಷ ರೂಪಾಯಿಗಳ ಅನುದಾನ ಕೊಟ್ಟಿತು. ತರಬೇತಿಯ ನಂತರ ಗುಂಪುಗಳ ಉಳಿತಾಯಕ್ಕೆ ಸರಿಸಮನಾಗಿ ಸೇರಿಸಲು ಕೊಟ್ಟ ಹಣವದು. ಉಳಿಸದವರಿಗೆ ಅದರಲ್ಲಿ ಪಾಲಿರಲಿಲ್ಲ. 1992ರಲ್ಲಿ ನಬಾರ್ಡ್ 500 ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಪ್ರಾಯೋಗಿಕ ಯೋಜನೆಯನ್ನು ಆರಂಭಿಸಿತು. ಜಮೀನಿನ ಪತ್ರವಿಲ್ಲದ ಹೆಂಗಸರ ಗುಂಪಿಗೂ ಅಡಮಾನವಿಲ್ಲದೆ ಬ್ಯಾಂಕಿನ ಬಾಗಿಲು ತೆರೆಯಿತು. ಇಂದು ದೇಶದ ಎಲ್ಲೆಡೆ ಇರುವ ಸ್ವಸಹಾಯ ಸಂಘಗಳ ಬೇರುಗಳಲ್ಲಿ ಇದೂ ಒಂದು. 10 ಲಕ್ಷ ರೂಪಾಯಿ ಆ ಕಾಲಕ್ಕೂ ಬಹಳ ದೊಡ್ಡ ಮೊತ್ತವಲ್ಲ. ಸರಿಯಾದ ಜಾಗದಲ್ಲಿ ಬಿದ್ದ ಕಾರಣ ಅದು ಹೆಪ್ಪಿನಂತೆ ಕೆಲಸಮಾಡಿತು.

ಒಂದು ಲೆಕ್ಕ

ಕೊಡುಗೆಯನ್ನು ಮೊಳ ಹಾಕುವುದೆಂದರೆ ಏನೆಂಬುದನ್ನು ಒಂದು ಉದಾಹರಣೆಯಿಂದ ತಿಳಿಯೋಣ. ಒಂದು ಊರಿಗೆ ಸಾಮೆ, ನವಣೆಯ ಹೊಟ್ಟು ಬಿಡಿಸುವ 3 ಲಕ್ಷ ರೂಪಾಯಿ ಬೆಲೆಯ ಯಂತ್ರ ದಾನವಾಗಿ ಬಂತೆನ್ನಿ. ಅದು 10 ವರ್ಷ ಬಾಳುತ್ತದೆಂದುಕೊಳ್ಳೋಣ. ಹತ್ತು ವರ್ಷದ ಮೇಲೆ ಹೊಸ ಯಂತ್ರ ಕೊಡುವವರು ಯಾರು? ಊರಿನವರೇ ಕೊಳ್ಳಬೇಕಾದರೆ ವರ್ಷಕ್ಕೆ 30,000 ರೂಪಾಯಿ ಎತ್ತಿಡಬೇಕು. ವರ್ಷಕ್ಕೆ 300 ದಿನ ಯಂತ್ರ ಓಡಿದರೆ ದಿನಕ್ಕೆ 100 ರೂಪಾಯಿ. ದಿನಕ್ಕೆ 4 ಕ್ವಿಂಟಾಲ್ ಧಾನ್ಯ ಬಂದರೆ ಕ್ವಿಂಟಾಲಿಗೆ 25 ರೂಪಾಯಿ. ಇದಕ್ಕೆ ವಿದ್ಯುತ್, ಕೂಲಿ, ರಿಪೇರಿ ಖರ್ಚು ಸೇರಿಸಿ ದರ ಗೊತ್ತುಮಾಡಬೇಕು. ಬೆಲೆ ಏರಿಕೆಗೆಂದು ಇನ್ನಷ್ಟು ಸೇರಿಸುವುದು ಲೇಸು. ‘ಯಂತ್ರ ಪುಕ್ಕಟೆ ಬಂದಿದೆ, ನಮಗೂ ಪುಕ್ಕಟೆ ಮಾಡಿಕೊಡಿ’ ಎಂದರೆ ಮೊದಲ ಬಾರಿ ಬೇರಿಂಗು ಸವೆದ ದಿನವೇ ಬೀಗ ಬೀಳುತ್ತದೆ. ವರ್ಷದಲ್ಲಿ 100 ದಿನಕ್ಕೆ ಸಾಲುವಷ್ಟೇ ಧಾನ್ಯ ಆ ಊರಿನಲ್ಲಿದ್ದರೆ, ಕ್ವಿಂಟಾಲಿಗೆ 75 ರೂಪಾಯಿ ಎತ್ತಿಡಬೇಕಾಗುತ್ತದೆ. ಆಗ ಪಕ್ಕದ ಊರುಗಳನ್ನೂ ಸೇರಿಸಿಕೊಳ್ಳಬೇಕು, ಇಲ್ಲವೇ ಚಿಕ್ಕ ಯಂತ್ರ ಕೇಳಬೇಕು.

ಕೊಡುಗೆ ಪಡೆಯುವ ಮುನ್ನ ಕೇಳಬೇಕಾದ ಪ್ರಶ್ನೆಗಳು

1. ಊರಿನವರ ಪಾಲು ಎಷ್ಟು? ಹಣ, ಜಾಗ, ದುಡಿಮೆ, ಯಾವುದಾದರೂ ಸರಿ. ಪಾಲು ಇಲ್ಲದ ಕಡೆ ಕಾಳಜಿಯೂ ಇರುವುದಿಲ್ಲ. 2020ರಲ್ಲಿ ಆರಂಭವಾದ 10,000 ರೈತ ಉತ್ಪಾದಕ ಸಂಸ್ಥೆಗಳ ಕೇಂದ್ರ ಯೋಜನೆಯಲ್ಲಿಯೂ ರೈತ ತೊಡಗಿಸಿದ ಷೇರು ಹಣಕ್ಕೆ ಸಮನಾಗಿ, ಸದಸ್ಯನಿಗೆ 2,000 ರೂಪಾಯಿ ಮೀರದಂತೆ, ಅನುದಾನ ಸೇರಿಸುವ ಕ್ರಮವಿದೆ.

2. ತೀರ್ಮಾನ ಯಾರದು? ದರ, ಕೆಲಸಗಾರರ ನೇಮಕ, ಲಾಭದ ಹಂಚಿಕೆ ಇವು ಸದಸ್ಯರ ಸಭೆಯಲ್ಲಿ ಆಗಬೇಕು. ಹೆಂಗಸರೂ ಭೂಹೀನರೂ ಆ ಸಭೆಯಲ್ಲಿ ಕೂಡುವಂತಿರಬೇಕು.

3. ಊರಿನಲ್ಲಿ ಯಾರ ಕಸುಬಿಗೆ ಪೆಟ್ಟು ಬೀಳುತ್ತದೆ? ಪುಕ್ಕಟೆ ಸಸಿ ಹಂಚಿದರೆ ಹತ್ತಿರದ ನರ್ಸರಿಯವನು ಮುಚ್ಚಿಕೊಂಡು ಹೋಗಬಹುದು. ಅವನಿಂದಲೇ ಸಸಿ ಕೊಂಡು ಹಂಚಿದರೆ ಕೊಡುಗೆ ಎರಡು ಕಡೆ ಫಲ ಕೊಡುತ್ತದೆ.

4. ಕೊಟ್ಟವರು ಹೊರಟ ಮೇಲೆ ನಡೆಸುವುದು ಹೇಗೆ? ಅವರು ಹೊರಡುವ ವರ್ಷವನ್ನು ಮೊದಲ ದಿನವೇ ಬರೆದಿಡಬೇಕು. ಮೇಲೆ ಹೇಳಿದ ಉತ್ಪಾದಕ ಸಂಸ್ಥೆಗಳಿಗೆ ನಿರ್ವಹಣೆಗೆಂದು ಮೂರು ವರ್ಷಗಳಲ್ಲಿ ಸಿಗುವುದು 18 ಲಕ್ಷ ರೂಪಾಯಿಗಳವರೆಗೆ. ನಾಲ್ಕನೆಯ ವರ್ಷದ ಸಂಬಳಕ್ಕೆ ಎರಡನೆಯ ವರ್ಷದಲ್ಲೇ ದಾರಿ ಹುಡುಕಬೇಕು.

5. ಲೆಕ್ಕ ಎಲ್ಲಿ? ಜಮಾಖರ್ಚಿನ ಪುಸ್ತಕ ಎಲ್ಲರಿಗೂ ಕಾಣುವಂತಿರಬೇಕು. ವರ್ಷಕ್ಕೊಮ್ಮೆಯಾದರೂ ಊರಿನವರ ಎದುರು ಓದಿ ಹೇಳಬೇಕು.

ವಿಸ್ತರಣಾ ಕಾರ್ಯಕರ್ತರಿಗೆ

ಕೊಡುವವರು ವರ್ಷದ ಕೊನೆಯಲ್ಲಿ ಹಣ ಮುಗಿಸುವ ಅವಸರದಲ್ಲಿರಬಹುದು. ಫೋಟೋಕ್ಕೆ ಒದಗುವ ಕೆಲಸವನ್ನೇ ಬಯಸಬಹುದು. ಅಂತಹ ವೇಳೆಯಲ್ಲಿ ಊರಿನ ಪರವಾಗಿ ‘ಈ ವರ್ಷ ಬೇಡ, ಮೊದಲು ಸಂಘ ಕೂಡಲಿ’ ಎಂದು ಹೇಳುವ ಧೈರ್ಯ ಕಾರ್ಯಕರ್ತನಿಗಿರಬೇಕು. ಅನುದಾನದ ಆಸೆ ತೋರಿಸಿ ಒಂದೇ ದಿನದಲ್ಲಿ ಕಟ್ಟಿದ ಗುಂಪು, ಅನುದಾನ ಹಂಚಿಕೊಂಡ ದಿನವೇ ಚೆದರುತ್ತದೆ. ಆರು ತಿಂಗಳು ಉಳಿತಾಯ ಮಾಡಿ, ಒಮ್ಮೆಯಾದರೂ ಜಗಳವಾಡಿ ರಾಜಿಯಾದ ಗುಂಪಿಗೆ ಹಣ ಕೊಡುವುದು ಕ್ಷೇಮ.

ಕೊನೆಗೆ ಮತ್ತೊಮ್ಮೆ ಆನಂದ್‌ನ ಮಾತು. ತ್ರಿಭುವನದಾಸ್ ಪಟೇಲರು 1970ರ ದಶಕದ ಮೊದಲಲ್ಲಿ ಒಕ್ಕೂಟದ ಕೆಲಸದಿಂದ ನಿವೃತ್ತರಾದಾಗ, ಸದಸ್ಯರು ಚಂದಾ ಕೂಡಿಸಿ ಅವರಿಗೆ ಒಂದು ನಿಧಿಯನ್ನು ಅರ್ಪಿಸಿದರು. ಅವರು ಅದನ್ನು ತಾವು ಇಟ್ಟುಕೊಳ್ಳದೆ, ಹಳ್ಳಿಯ ತಾಯಂದಿರ ಮತ್ತು ಮಕ್ಕಳ ಆರೋಗ್ಯಕ್ಕಾಗಿ ಒಂದು ಪ್ರತಿಷ್ಠಾನ ಸ್ಥಾಪಿಸಿದರು. ಒಂದು ಕಾಲಕ್ಕೆ ತಮ್ಮ ಹಾಲಿಗೆ ನ್ಯಾಯವಾದ ಬೆಲೆ ಸಿಕ್ಕದಿದ್ದ ರೈತರು ದಾನ ಮಾಡುವ ಸ್ಥಿತಿಗೆ ಬಂದಿದ್ದರು. ಒಂದು ಕೊಡುಗೆ ಫಲಿಸಿತೋ ಇಲ್ಲವೋ ಎಂಬುದನ್ನು ತಿಳಿಯಲು ಇದಕ್ಕಿಂತ ಒಳ್ಳೆಯ ಅಳತೆಗೋಲು ಇಲ್ಲ. ಪಡೆದ ಊರು ಕೆಲವು ವರ್ಷಗಳ ಮೇಲೆ ಪಕ್ಕದ ಊರಿಗೆ ಕೊಡಬಲ್ಲುದಾದರೆ ಆ ದಾನ ಸಾರ್ಥಕವಾಯಿತೆಂದು ತಿಳಿಯಬಹುದು.