ಆಣೆ ಹಾಕಿಸೂ ಮೊದಲು

ಯಡೂರಿನಿಂದ ಮಾತಾಡ್ತಿದೀನಿ. ಇವತ್ತಿನ ಮಾತು ಆಶಾ ಅಕ್ಕಂದಿರಿಗೆ, ನರ್ಸ್‌ಗಳಿಗೆ, ಆಪ್ತಸಮಾಲೋಚಕರಿಗೆ.

ನಮ್ಮ ಕಾಕಾ ವರ್ಷಗಟ್ಟಲೆ ದಿನಾ ಕುಡೀತಿದ್ರು. ಮನಿಮಂದಿ ಸೇರಿ ವೀರಭದ್ರ ದೇವರ ಮುಂದ ಆಣೆ ಹಾಕಿಸಿದ್ವಿ. ಕಾಕಾ ಮಾತು ಉಳಿಸ್ಕೊಂಡ್ರು, ಒಂದು ಹನಿ ಮುಟ್ಟಲಿಲ್ಲ. ಮರುದಿನ ಕೈ ನಡುಗಿದ್ವು, ರಾತ್ರಿ ಫಿಟ್ಸ್ ಬಂತು. ಮಂದಿ ‘ದೇವರ ಸಿಟ್ಟು’ ಅಂದ್ರು. ಡಾಕ್ಟ್ರು ಬ್ಯಾರೇನೇ ಹೇಳಿದ್ರು: ಚಟಕ್ಕೆ ಒಗ್ಗಿದ ದೇಹಕ್ಕೆ ಒಮ್ಮೆಲೇ ಕುಡಿತ ನಿಲ್ಲಿಸಿದ್ರೆ ಜೀವಕ್ಕೇ ಅಪಾಯ. ಔಷಧಿ ಕೊಟ್ಟು, ನಿಗಾ ಇಟ್ಟು ಬಿಡಿಸಬೇಕು.

ನಾನು ಬಿ.ಕಾಂ. ಓದಿದವ. ಸಾಲ ಒಂದೇ ದಿನಕ್ಕ ತೀರದಿದ್ರ, ಮೊದಲು ಅದು ಬೆಳೀದಂಗ ನೋಡ್ಕೋತೀವಿ. ಹಾನಿ ತಗ್ಗಿಸೋದೂ ಹಂಗೇ. “ಇನ್ನೂ ಬಿಟ್ಟಿಲ್ಲೇನು?” ಅನ್ನೂ ಬದಲು ಹಿಂಗ ಕೇಳ್ರಿ: “ಊಟ ಆತೇನ್ರಿ? ಬೈಕ್ ಕೀಲಿ ಯಾರ ಕಡೆ ಐತಿ? ಹಿಂದೆ ಬಿಟ್ಟಾಗ ಫಿಟ್ಸ್ ಬಂದಿತ್ತಾ?” ಕುಡಿದವರು ಕೃಷ್ಣಾ ನದಿಗೆ ಇಳೀದಂಗ ನೋಡ್ರಿ. ಮತ್ತೆ ಕುಡಿದು ಬಂದ್ರೂ ಬಾಗಿಲು ಮುಚ್ಚಬ್ಯಾಡ್ರಿ.

ಫಿಟ್ಸ್ ಬಂದ್ರ, ಇಲ್ಲದ್ದು ಕಂಡಂಗ ಮಾತಾಡಿದ್ರ 108ಕ್ಕೆ ಫೋನ್ ಮಾಡ್ರಿ. ಚಟ ಬಿಡೋ ಸಲಹೆಗೆ 14446, ಉಚಿತ.

ಕಾಕಾ ಆಮೇಲೆ ಎರಡು ಸಲ ಜಾರಿದ್ರು. ಆದ್ರ ಎರಡೂ ಸಲ ತಾವೇ ನನಗೆ ಫೋನ್ ಮಾಡಿ ಹೇಳಿದ್ರು. ಆಣೆ ಮುರಿದವರು ಹಂಗ ಹೇಳ್ತಿರಲಿಲ್ಲ, ಮುಚ್ಚಿಡ್ತಿದ್ರು.